ಲೆಡೋ ರಸ್ತೆಯ ಟ್ರಕ್ಕು: ಮಗಳಿಗೊಂದು ಪತ್ರ

ಕುವೆಂಪುನಗರ, ಮೈಸೂರು

ಚಿ. ಮಗಳಿಗೆ,

ನಿನ್ನ ತಂದೆಯ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಜೋಡಿಸಲು ಕುಳಿತು, ನೀನು ಧಾರವಾಡಕ್ಕೆ ಹೊರಟಾಗ ಅರ್ಧಕ್ಕೆ ನಿಂತಿದ್ದ, ಅಮೆರಿಕದ ಜಿಎಂಸಿ ಕಂಪನಿಯ ಸೇನಾ ಟ್ರಕ್ಕಿನ ಪುಟ್ಟ ಮಾದರಿಗೆ ಈಗ ಬಣ್ಣ ಬಿದ್ದಿದೆ. ಅದರ ಫೋಟೊ ನೋಡಿದ ನೀನು, "ಇಷ್ಟು ಚೆನ್ನಾಗಿದೆಯಲ್ಲಪ್ಪಾ, ಇದಕ್ಕೆ ಮತ್ತೆ ಕೊಳೆ ಯಾಕೆ ಮೆತ್ತಬೇಕು?" ಎಂದು ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಎರಡೂವರೆ ಟನ್ ಹೊರುವ, ಮೂರೂ ಆಕ್ಸಲ್‌ಗಳಿಗೆ ಎಂಜಿನ್ನಿನ ಬಲ ಹೋಗುವ ಈ ಟ್ರಕ್ಕುಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. ಇದರ ಮಾದರಿ ಮಾಡುವವರು ಹೆಚ್ಚಾಗಿ ಯುರೋಪಿನ ರಣರಂಗವನ್ನೇ ಆರಿಸಿಕೊಳ್ಳುತ್ತಾರೆ. ನಾನು ಮಾತ್ರ ನಮ್ಮ ಅಸ್ಸಾಮಿನ ಲೆಡೋದಿಂದ ಬರ್ಮಾವನ್ನು ಹಾದು ಚೀನಾದ ಕುನ್ಮಿಂಗ್ ಮುಟ್ಟುವ, ಸುಮಾರು 1,700 ಕಿಲೋಮೀಟರ್ ಉದ್ದದ ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. 113 ವಾಹನಗಳ ಮೊದಲ ಸಾಲು 1945ರ ಜನವರಿ 12ರಂದು ಲೆಡೋದಿಂದ ಹೊರಟು, ದಾರಿಯಲ್ಲಿ ಇನ್ನೂ ಕಾದಾಟ ನಡೆಯುತ್ತಿದ್ದುದರಿಂದ ಅಲ್ಲಲ್ಲಿ ತಂಗುತ್ತಾ, ಫೆಬ್ರವರಿ 4ರಂದು ಕುನ್ಮಿಂಗ್ ಸೇರಿತು. ನಮ್ಮ ಟ್ರಕ್ಕು ಆ ಸಾಲಿನದು ಎಂದಿಟ್ಟುಕೊಂಡರೆ ಅದು ಯಾವ ಕೊಳೆ ಹೊತ್ತಿರಬೇಕೆಂಬುದೂ ನಿರ್ಧಾರವಾಗುತ್ತದೆ. ಅದು ಮಳೆಗಾಲವಲ್ಲ, ಒಣಗಾಲ. ಆದ್ದರಿಂದ ಕೆಸರು ಕಡಿಮೆ, ಧೂಳು ಹೆಚ್ಚು.

ಬಣ್ಣದ ವಿಷಯಕ್ಕೆ ಬರೋಣ. ಅಮೆರಿಕದ ಸೇನಾ ವಾಹನಗಳಿಗೆ ಆಗ ಹೊಡೆಯುತ್ತಿದ್ದ ಆಲಿವ್ ಡ್ರ್ಯಾಬ್ ಎಂದರೆ ಬಾಡಿದ ಬಾಳೆಲೆಗೂ ಒಣಗಿದ ಸಗಣಿಗೂ ನಡುವಿನ ಮಾಸಲು ಹಸಿರು. ಅದನ್ನು ಡಬ್ಬಿಯಲ್ಲಿದ್ದಂತೆಯೇ ಹೊಡೆದರೆ ಮಾದರಿ ಕಪ್ಪಿಟ್ಟಂತೆ ಕಾಣುತ್ತದೆ. ಇದು 1/35 ಅಳತೆಯದು, ಅಂದರೆ ನಿಜವಾದ ಟ್ರಕ್ಕಿನ ಉದ್ದ ಇದರ 35 ಪಟ್ಟು. ಮೇಜಿನ ಮೇಲೆ ಅರ್ಧ ಮೀಟರ್ ದೂರದಿಂದ ಇದನ್ನು ನೋಡುವುದು ನಿಜವಾದ ಟ್ರಕ್ಕನ್ನು 17.5 ಮೀಟರ್ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಲ್ಲಿ ಬಣ್ಣ ತುಸು ತಿಳಿಯಾಗಿಯೇ ಕಾಣುವುದರಿಂದ ನಾನು ಹಸಿರಿಗೆ ಸ್ವಲ್ಪ ಮರಳಿನ ಬಣ್ಣ ಬೆರೆಸಿದೆ. ಬಿಸಿಲು ನೇರವಾಗಿ ಬೀಳುವ ಬಾನೆಟ್ಟಿನ ಮೇಲೂ ಕ್ಯಾಬಿನ್ನಿನ ಚಾವಣಿಯ ಮೇಲೂ ಇನ್ನಷ್ಟು ತಿಳಿ ಮಾಡಿದೆ. ನಿನಗೆ ಫೋಟೊದಲ್ಲಿ ಚೆನ್ನಾಗಿ ಕಂಡದ್ದು ಬಹುಶಃ ಇದೇ.

ಒಂದು ಕಡೆ ಮಾತ್ರ ತಪ್ಪಿದೆ. ಸಾಮಾನು ತುಂಬುವ ಹಿಂಭಾಗದ ಅಂಚುಗಳಲ್ಲಿ ಬಣ್ಣ ಎದ್ದಂತೆ ತೋರಿಸಲು ತುಕ್ಕಿನ ಬಣ್ಣ ಹಚ್ಚಿಬಿಟ್ಟೆ. ಯುದ್ಧದ ನಡುವೆ ಉಕ್ಕನ್ನು ಉಳಿಸಲೆಂದು ಈ ಭಾಗವನ್ನು ಮರದಲ್ಲಿ ಮಾಡತೊಡಗಿದ್ದರು, ನಮ್ಮ ಮಾದರಿಯ ಬಿಡಿಭಾಗಗಳಲ್ಲಿ ಮೂಡಿಸಿರುವುದೂ ಮರದ ಹಲಗೆಗಳನ್ನೇ ಎಂಬುದು ಆಮೇಲೆ ಹೊಳೆಯಿತು. ಹಲಗೆ ತುಕ್ಕು ಹಿಡಿಯುವುದಿಲ್ಲವಲ್ಲ! ಎಲ್ಲವನ್ನೂ ಅಳಿಸಿ, ಸಣ್ಣ ಕುಂಚದಿಂದ ಹಳೆಯ ಮರದ ಬೂದುಗಂದು ಗೆರೆಗಳನ್ನು ಎಳೆಯಲು ಎರಡು ಸಂಜೆ ಹಿಡಿಯಿತು.

ಹೋದ ವಾರ ಮಂಡ್ಯಕ್ಕೆ ಹೋದಾಗ ಕಬ್ಬು ಹೊತ್ತು ನಿಂತಿದ್ದ ಲಾರಿಯೊಂದನ್ನು ಬಹಳ ಹೊತ್ತು ನೋಡುತ್ತಾ ನಿಂತೆ. ಧೂಳು ಎಲ್ಲ ಕಡೆಯೂ ಸಮವಾಗಿ ಕೂರುವುದಿಲ್ಲ. ಹಿಂದಿನ ಜೋಡಿ ಟೈರುಗಳ ನಡುವೆ ಮಣ್ಣು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಡ್ರೈವರ್ ಕಾಲಿಟ್ಟು ಹತ್ತುವ ಮೆಟ್ಟಿಲಿನ ನಡುಭಾಗ ಸವೆದು ಲೋಹ ಹೊಳೆಯುತ್ತಿರುತ್ತದೆ, ಎರಡು ಬದಿಗೂ ಮಾತ್ರ ಧೂಳಿರುತ್ತದೆ. ಆ ಮೆಟ್ಟಿಲನ್ನು ನೋಡಿದರೆ ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಸಲ ಹತ್ತಿಳಿದಿರಬಹುದೆಂದು ಯೋಚಿಸುವಂತಾಗುತ್ತದೆ. ನಮ್ಮ ಟ್ರಕ್ಕಿನ ಮೇಲೂ ಒಬ್ಬ ಡ್ರೈವರ್ ಅಷ್ಟು ದೂರ ಸಾಗಿದ್ದು ಕಾಣಬೇಕು ಮಗಳೇ. ನಾನು ಕೊಳೆ ಹಚ್ಚುವುದು ಅದಕ್ಕೆ.

ಇನ್ನು ಮುಂದಿನ ಗಾಜು. ಅದನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದ್ದೆ. ಬೆಳಗಾಗುವಷ್ಟರಲ್ಲಿ ಅಂಟಿನ ಆವಿಗೆ ಗಾಜೆಲ್ಲ ಮಂಜು ಕವಿದಂತೆ ಬೆಳ್ಳಗಾಗಿತ್ತು. ಜೋಪಾನವಾಗಿ ಬಿಡಿಸಿ, ಹತ್ತಿಬಟ್ಟೆಯಲ್ಲಿ ಟೂತ್‌ಪೇಸ್ಟ್ ತೆಗೆದುಕೊಂಡು ಉಜ್ಜುತ್ತಾ ಹೋದಂತೆ ನಿಧಾನವಾಗಿ ತಿಳಿಯಾಯಿತು. ಈ ಸಲ ಫೆವಿಕಾಲ್‌ನಲ್ಲೇ ಕೂರಿಸಿದ್ದೇನೆ; ಅದು ಒಣಗಿದ ಮೇಲೆ ಕಲೆ ಕಾಣುವುದಿಲ್ಲ, ಗಾಜನ್ನೂ ಕೆಡಿಸುವುದಿಲ್ಲ.

ಧೂಳಿನ ಬಣ್ಣವನ್ನು ಇನ್ನೂ ಹೊಡೆದಿಲ್ಲ. ಅದಕ್ಕೆ ಮೊದಲು ವೈಪರ್ ಒರೆಸುವಷ್ಟು ಜಾಗವನ್ನು ಬೀಸಣಿಗೆಯ ಆಕಾರದಲ್ಲಿ ಟೇಪಿನಿಂದ ಮುಚ್ಚಬೇಕು. ಆಮೇಲೆ ಟೇಪ್ ಕಿತ್ತರೆ ಸುತ್ತ ಧೂಳು, ನಡುವೆ ಡ್ರೈವರ್ ದಾರಿ ನೋಡುವಷ್ಟು ಸ್ವಚ್ಛ ಗಾಜು ಉಳಿಯುತ್ತದೆ. ಉಗುರಿನಷ್ಟಗಲದ ಆ ಟೇಪನ್ನು ಕತ್ತರಿಸಲು ನಿನ್ನ ಕೈಯೇ ಸರಿ, ನನ್ನ ಕೈ ಈಗ ಸ್ವಲ್ಪ ನಡುಗುತ್ತದೆ. ದಸರಾ ರಜೆಗೆ ಬರುವಾಗ ಅಲ್ಲಿಂದ ಸೊನ್ನೆ ನಂಬರಿನ ಕುಂಚ ಎರಡು ತೆಗೆದುಕೊಂಡು ಬಾ. ಅಲ್ಲಿಯವರೆಗೆ ಮನೆಯ ಧೂಳು ಕೂರದಿರಲೆಂದು ನಿಮ್ಮಮ್ಮ ಟ್ರಕ್ಕಿನ ಮೇಲೆ ದೊಡ್ಡ ಬೋಸಿ ಕವುಚಿಟ್ಟಿದ್ದಾಳೆ.

ಇಂತಿ ನಿನ್ನ ಪ್ರೀತಿಯ,
ಅಪ್ಪ