ಗ್ರಾಂಪಿಯನ್ಸ್ ಪ್ರವಾಸ: ಎರಡನೇ ಬ್ಯಾಟರಿ ಈಗಲೇ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಬೆಳಿಗ್ಗೆ 6ಕ್ಕೆ ಮೆಲ್ಬರ್ನ್‌ನಿಂದ ಗ್ರಾಂಪಿಯನ್ಸ್ ಬೆಟ್ಟಗಳಿಗೆ ಹೊರಡುತ್ತೇವೆ. ಉಳಿಯುವ ಕಡೆ ಮೂರು ರಾತ್ರಿಯೂ ಕರೆಂಟ್ ಇಲ್ಲ. ಕ್ಯಾರವಾನ್ ತರುವವರು ಬುಧವಾರ ರಾತ್ರಿಯೇ ಎರಡನೇ ಬ್ಯಾಟರಿಯನ್ನು (ಕಾರಿನದಲ್ಲ, ಕ್ಯಾರವಾನ್‌ನ ಫ್ರಿಜ್, ದೀಪ ನಡೆಸುವುದು) ಮನೆಯ ಚಾರ್ಜರ್‌ಗೆ ಹಾಕಿ. ದಾರಿಯಲ್ಲಿ ಕಾರೇ ಚಾರ್ಜ್ ಮಾಡುತ್ತೆ ಅಂತ ಸುಮ್ನೆ ನಂಬಬೇಡಿ. ಹೋದ ಸಲ ನಾನು ನಂಬಿದ್ದೆ. ತೆಳು ವೈರಿನಲ್ಲೇ ವೋಲ್ಟೇಜ್ ಬಿದ್ದುಹೋಗಿ, ಬ್ಯಾಟರಿ ಸರಿಯಾಗಿ ಚಾರ್ಜ್ ಆಗದೆ ಫ್ರಿಜ್ ನಿಂತಿತು. ಬೆಳಿಗ್ಗೆ ನೋಡಿದರೆ ದೋಸೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳವೇ ಎದ್ದಿತ್ತು!

ಎಜಿಎಂ (ಮುಚ್ಚಿದ ಲೆಡ್-ಆಸಿಡ್) ಬ್ಯಾಟರಿಯಾದರೆ ಪೂರ್ತಿ ಚಾರ್ಜ್ ಆದಮೇಲೆ ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆಯಿರಿ. 12.7 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕಿಂತ ಕೆಳಗೆ ಇಳಿಸಿದರೆ ಬಾಳಿಕೆ ಕಡಿಮೆ. ಲಿಥಿಯಂ ಇದ್ದವರು ಡಿಸಿ-ಡಿಸಿ ಚಾರ್ಜರ್ (ಕಾರಿನ ಕರೆಂಟನ್ನು ಎರಡನೇ ಬ್ಯಾಟರಿಗೆ ತಕ್ಕಂತೆ ಹೊಂದಿಸುವ ಸಾಧನ) ಇಲ್ಲದೆ ಕಾರಿಗೆ ಜೋಡಿಸಬೇಡಿ. ಪಾಸಿಟಿವ್ ತುದಿಯ ಹತ್ತಿರವೇ ಫ್ಯೂಸ್ ಇದೆಯಾ, ಅದನ್ನೂ ನೋಡಿ.

ಯಾವ ಬ್ಯಾಟರಿ, ಎಷ್ಟು ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯ) ಅಂತ ಮಂಗಳವಾರದೊಳಗೆ ಇಲ್ಲೇ ತಿಳಿಸಿ. ಸೋಲಾರ್ ಪ್ಯಾನೆಲ್ ಇದ್ದವರು ದಯವಿಟ್ಟು ತನ್ನಿ.