ಕೇಬಲ್ ಸುತ್ತುತ್ತಿದ್ದ ಸೌಂಡ್ ಅಣ್ಣನಿಗೆ

ಆ ರಾತ್ರಿ ಬಾರಿನಲ್ಲಿ ನುಡಿಸಿದ ಬ್ಯಾಂಡಿನ ಹೆಸರು ನನಗೆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಕೊನೆಯ ಹಾಡು ಮಾತ್ರ ತಲೆಯಲ್ಲಿ ಕೂತುಬಿಟ್ಟಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ, ಕೇಳಿದರೆ ಬರೀ ಬೇಸ್ ಗುಂಯ್‌ಗುಡುವುದು, ಪಕ್ಕದ ಟೇಬಲಿನವರ ನಗು. ಹಾಡು ಗುರುತಿಸುವ ಆಪ್ ಕೂಡ ಕೈ ಎತ್ತಿತು. ಅದು ಹೋಲಿಸಿ ನೋಡುವುದು ಬಿಡುಗಡೆಯಾದ ರೆಕಾರ್ಡಿಂಗ್ ಜೊತೆ, ಇದು ಬಿಡುಗಡೆ ಆಗಿದ್ದರೆ ತಾನೇ? ಬ್ಯಾಂಡಿನವರು ಆಗಲೇ ಸಾಮಾನು ಕಟ್ಟಿಕೊಂಡು ಹೊರಟಿದ್ದರು.

ಸಂಕೋಚದಿಂದಲೇ ನಿಮ್ಮನ್ನು ಕೇಳಿದೆ. ನೀವು ಕೇಬಲ್ ಕೆಳಗಿಟ್ಟು, ಸ್ಟೇಜಿನ ನೆಲಕ್ಕೆ ಟೇಪ್ ಹಾಕಿ ಅಂಟಿಸಿದ್ದ ಹಾಡುಗಳ ಪಟ್ಟಿಯನ್ನು ಹರಿಯದ ಹಾಗೆ ಮೆಲ್ಲಗೆ ಕಿತ್ತು, ಅದರ ಹಿಂದೆ ಬ್ಯಾಂಡಿನ ಹೆಸರು ಬರೆದುಕೊಟ್ಟಿರಿ. ಆಮೇಲೆ ಪೆಟ್ಟಿಗೆಯಲ್ಲಿ ತಡಕಾಡಿ ಒಂದು ಸಿಡಿ. ಅವರೇ ಬರ್ನ್ ಮಾಡಿ ಹಂಚುವ ಸಿಡಿಯಂತೆ, ಮೇಲೆ ಮಾರ್ಕರ್ ಪೆನ್ನಿನ ಬರಹ. ದುಡ್ಡು ತೆಗೆದರೆ, ‘ಮುಂದಿನ ಸಲ ಬಂದು ಅವರಿಗೇ ಕೊಡಿ’ ಅಂದಿರಿ.

‘ಸೌಂಡ್ ಮಿಕ್ಸರ್‌ನಿಂದಲೇ ರೆಕಾರ್ಡ್ ಮಾಡಿದ್ದು, ಹಾಡುವ ದನಿ ಜೋರು, ಡ್ರಮ್ಸ್ ಕಮ್ಮಿ’ ಅಂತಲೂ ಹೇಳಿದಿರಿ. ಚಿಕ್ಕ ಜಾಗದಲ್ಲಿ ಡ್ರಮ್ಸ್ ತಾನಾಗೇ ಜೋರಾಗಿ ಕೇಳುತ್ತೆ, ಮೈಕ್ ಜಾಸ್ತಿ ಬೇಕಾಗಲ್ಲ, ಅದಕ್ಕೇ ಮಿಕ್ಸರ್‌ಗೆ ಕಮ್ಮಿ ಹೋಗುತ್ತೆ, ಅಲ್ವಾ.

ಮನೆಗೆ ಬಂದು ಹಾಕಿದೆ. 4ನೇ ಹಾಡು ಅದೇ! ಮಧ್ಯೆ ಎಲ್ಲೋ ಗ್ಲಾಸ್ ಬಿದ್ದ ಸದ್ದು, ಹಾಡುವವಳು ಸಣ್ಣಗೆ ನಕ್ಕು ಮತ್ತೆ ಸಾಲು ಹಿಡಿಯುತ್ತಾಳೆ. ಥ್ಯಾಂಕ್ಸ್ ಅಣ್ಣ. ನಿಮ್ಮ ಹೆಸರು ಕೇಳುವುದನ್ನೂ ಮರೆತೆ.