ಗೆಳೆಯನಿಗೊಂದು ಪತ್ರ: ಬಾವುಟ ಏಳೋ ತನಕ

ಮಗಾ,

ಕವೆಂಟ್ರಿ ತಂಡದ ಟಾರ್ಪ್ ಹೊಡೆದು, ಆಫ್‌ಸೈಡ್ ಅಂತ ರದ್ದಾದ ಗೋಲಿನ ವಿಷಯ ಮತ್ತೆ ಎತ್ತಿದೀಯ. ಕವೆಂಟ್ರಿಯಲ್ಲಿ ಮನೆ ಮಾಡಿದವನಿಗೆ ಆ ಗಾಯ ಬೇಗ ಆರಲ್ಲ, ಒಪ್ಪಿದೆ. 2024ರ ಏಪ್ರಿಲ್ 21, ವೆಂಬ್ಲಿ, ಎಫ್‌ಎ ಕಪ್ ಸೆಮಿಫೈನಲ್. ಮ್ಯಾಂಚೆಸ್ಟರ್ ಯುನೈಟೆಡ್ ಎದುರು 0-3 ಹಿಂದೆ ಬಿದ್ದವರು 3-3 ಮಾಡಿ, ಹೆಚ್ಚುವರಿ ಅವಧಿಯ ಕೊನೇ ಗಳಿಗೆಯಲ್ಲಿ ನಾಲ್ಕನೆಯದನ್ನೂ ಹೊಡೆದರು. ಅಷ್ಟರಲ್ಲಿ ಪರದೆ ಮೇಲೆ ಗೆರೆ ಬಂತು. ಪಾಸ್ ಬಂದ ಕ್ಷಣದಲ್ಲಿ ಕವೆಂಟ್ರಿಯ ಹಾಜಿ ರೈಟ್ ಡಿಫೆಂಡರ್‌ಗಿಂತ ಕೂದಲೆಳೆಯಷ್ಟು ಮುಂದಿದ್ದಾನೆ, ಅಂದ್ರೆ ಆಫ್‌ಸೈಡ್, ಅಂದರು. ಗೋಲು ಹೋಯ್ತು, ಪೆನಾಲ್ಟಿಯಲ್ಲಿ ಪಂದ್ಯವೂ ಹೋಯ್ತು. ಗೆರೆ ಎಳೆದದ್ದೇ ತಪ್ಪು ಅನ್ನೋದು ನಿನ್ನ ವಾದ. ನಮ್ಮ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಕೂರೋ ವೆಸ್ಟ್ ಬ್ಲಾಕ್‌ನ ಅರ್ಧ ಜನ ನಿನ್ನ ಕಡೆಗೇ ಇದಾರೆ, ಅದಕ್ಕೇ ಉತ್ತರ ಎಲ್ಲರೆದುರು ಬರೀತಿದೀನಿ. ಕಂಕುಳ ಪ್ರಕರಣ ಮಾತ್ರ ಎತ್ತಲ್ಲ, ಭಯ ಬೀಳಬೇಡ.

ಗೆರೆಗಿಂತ ಮೊದಲು ಫ್ರೇಮ್ ನೋಡು. ಆಫ್‌ಸೈಡ್ ಅಳೆಯೋದು ಜೊತೆ ಆಟಗಾರ ಚೆಂಡನ್ನ ಮೊದಲು ಮುಟ್ಟಿದ ಕ್ಷಣದಲ್ಲಿ. ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸೋ ವ್ಯವಸ್ಥೆ) ಕೋಣೆಯಲ್ಲಿ ಕೂತವರು ಮೊದಲು ಆ ಕ್ಷಣದ ಚಿತ್ರ ಆರಿಸಬೇಕು. ಆಮೇಲೆ ಡಿಫೆಂಡರ್‌ನ ಯಾವ ಅಂಗ ಗೋಲ್ ಲೈನಿಗೆ ಹತ್ತಿರ, ಅಟ್ಯಾಕರ್‌ನದ್ದು ಯಾವುದು ಅಂತ ಗುರುತು ಹಾಕಿ, ಅಲ್ಲಿಂದ ನೆಲಕ್ಕೆ ಲಂಬ ಇಳಿಸಿ, ಗೆರೆ ಎಳೀಬೇಕು. ಜನ ಬೈಯೋದೆಲ್ಲ ಈ ಕೊನೇ ಹಂತವನ್ನ. ಪೆಟ್ಟು ಬೀಳೋದು ಮೊದಲನೇ ಹಂತದಲ್ಲಿ.

ಪ್ರಸಾರದ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ಹಿಡಿಯುತ್ತೆ ಅಂದ್ರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ 20 ಮಿಲಿಸೆಕೆಂಡ್ ಅಂತರ. ಬೂಟು ಚೆಂಡಿಗೆ ತಾಗಿ ಬಿಡೋಕೆ ಹಿಡಿಯೋದು ಸುಮಾರು 10 ಮಿಲಿಸೆಕೆಂಡ್. ಲೆಕ್ಕ ನೀನೇ ಹಾಕು: ಒಂದು ಚಿತ್ರದಲ್ಲಿ ಬೂಟಿಗೂ ಚೆಂಡಿಗೂ ನಡುವೆ ಹುಲ್ಲು ಕಾಣುತ್ತೆ, ಮುಂದಿನದರಲ್ಲಿ ಚೆಂಡು ಬೂಟು ಬಿಟ್ಟು ಹೊರಟಾಗಿದೆ. ತಾಗಿದ ಕ್ಷಣ ಎರಡರಲ್ಲೂ ಇಲ್ಲ. ಆ 20 ಮಿಲಿಸೆಕೆಂಡಿನಲ್ಲಿ ಅಟ್ಯಾಕರ್ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಮುಂದಕ್ಕೆ ಓಡ್ತಿದ್ದು, ಡಿಫೆಂಡರ್ 5 ಮೀಟರ್ ವೇಗದಲ್ಲಿ ಎದುರಿಗೆ ಬರ್ತಿದ್ದರೆ, ಇಬ್ಬರ ನಡುವಿನ ಅಂತರ 26 ಸೆಂಟಿಮೀಟರ್ ಬದಲಾಗುತ್ತೆ. ಒಂದೇ ಫ್ರೇಮ್‌ನಲ್ಲಿ ಇಡೀ ಪಾದದಷ್ಟು! ಗೆರೆ ಎಷ್ಟೇ ಸಪೂರ ಎಳೆದರೂ ಈ ಅನುಮಾನ ಹಾಗೇ ಉಳಿಯುತ್ತೆ. 2021-22ರಲ್ಲಿ ಪ್ರೀಮಿಯರ್ ಲೀಗ್ ಗೆರೆ ದಪ್ಪ ಮಾಡಿ, ಎರಡೂ ಒಂದರ ಮೇಲೊಂದು ಬಂದರೆ ಅಟ್ಯಾಕರ್‌ಗೆ ಬಿಟ್ಟುಕೊಟ್ಟದ್ದು ಇದಕ್ಕೇ. ನನ್ನ ಪ್ರಕಾರ ವಿಎಆರ್ ಬಂದ ಮೇಲೆ ಆದ ಅತಿ ಪ್ರಾಮಾಣಿಕ ಬದಲಾವಣೆ ಅದು.

2022ರ ಕತಾರ್ ವಿಶ್ವಕಪ್‌ನಲ್ಲಿ ಕ್ಷಣದ ಸಮಸ್ಯೆಗೆ ಕೈ ಹಾಕಿದರು. ಚೆಂಡಿನ ನಡುವೆ ಸೆನ್ಸರ್ ಇಟ್ಟು ಸೆಕೆಂಡಿಗೆ 500 ಸಲ ಮಾಹಿತಿ ತೆಗೆದರು, 20 ಮಿಲಿಸೆಕೆಂಡ್ 2ಕ್ಕೆ ಇಳೀತು. ಛಾವಣಿ ಕೆಳಗಿನ 12 ಕ್ಯಾಮೆರಾಗಳು ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನ ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿಗೆ 500, ಮೈಗೆ 50, ಇದನ್ನ ಮರೀಬೇಡ. ನಡುವಿನ ಮೈಯನ್ನ ಲೆಕ್ಕ ಹಾಕಿಯೇ ಹಿಡೀಬೇಕು. ಆದರೂ ಸೌದಿ ಎದುರು ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್‌ಗೆ ಹೋದಾಗ ಇಡೀ ದಿನ ಜಗಳ ನಡೆದದ್ದು ಅವರ ಸ್ಟ್ರೈಕರ್ ಲೌಟಾರೊ ಭುಜದ ಮೇಲೆ, ಚೆಂಡು ಬಿಟ್ಟ ಕ್ಷಣದ ಮೇಲಲ್ಲ. ನಿಯಮದಲ್ಲಿ ಕಂಕುಳ ತಳದ ಮಟ್ಟದಿಂದ ಕೆಳಗಿನದು ತೋಳು, ಅದು ಲೆಕ್ಕಕ್ಕಿಲ್ಲ. ಮೇಲಿನದು ಭುಜ, ಅದು ಲೆಕ್ಕಕ್ಕಿದೆ. ಜೆರ್ಸಿ ತೋಳಿನೊಳಗೆ ಆ ಗಡಿ ಯಾರಿಗೆ ಕಾಣುತ್ತೆ ಹೇಳು. (ಎತ್ತಲ್ಲ ಅಂದೆ, ಎತ್ತಿಬಿಟ್ಟೆ. ಕ್ಷಮಿಸು.)

ಯಂತ್ರ ಬಂದ ಮೇಲೂ ಗುಂಪಿನಲ್ಲಿ ಕಷ್ಟವೇ. 2025ರ ಮಾರ್ಚ್ 1ರಂದು ಬೋರ್ನ್‌ಮತ್-ವುಲ್ವ್ಸ್ ಎಫ್‌ಎ ಕಪ್ ಪಂದ್ಯದಲ್ಲಿ ಗೋಲಿನ ಮುಂದೆ ಮೈಗೆ ಮೈ ತಾಗಿಸಿ ನಿಂತವರಲ್ಲಿ ಯಾರ ಕಾಲು ಯಾರದ್ದು ಅಂತ ವ್ಯವಸ್ಥೆಗೆ ಬಿಡಿಸೋಕಾಗದೆ, ಮತ್ತೆ ಕೈಯಲ್ಲೇ ಗೆರೆ ಎಳೆದರು. ಸುಮಾರು ಎಂಟು ನಿಮಿಷ. 2023ರ ಸೆಪ್ಟೆಂಬರ್‌ನಲ್ಲಿ ಟಾಟನ್‌ಹ್ಯಾಮ್ ಎದುರು ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲಿಗೆ ಆದದ್ದು ಬೇರೆಯೇ: ಚಿತ್ರ ಸರಿ, ಗೆರೆ ಸರಿ, ಆದರೆ ಮೈದಾನದಲ್ಲಿ ಆಫ್‌ಸೈಡ್ ಕೊಟ್ಟಿದ್ದನ್ನ ಗೋಲು ಕೊಟ್ಟಿದಾರೆ ಅಂತ ಕೋಣೆಯವರು ತಪ್ಪು ತಿಳಿದು ‘ಪರಿಶೀಲನೆ ಮುಗೀತು’ ಅಂದುಬಿಟ್ಟರು. ಆಟ ಶುರುವಾದ ಮೇಲೆ ಹಿಂದಕ್ಕೆ ಹೋಗೋಕೆ ನಿಯಮ ಬಿಡಲ್ಲ.

ಹಾಗಾದ್ರೆ ವಿಎಆರ್ ಬೇಡವೇ ಬೇಡ ಅಂತೀಯ? ವುಲ್ವ್ಸ್ ಆ ಪ್ರಶ್ನೆಯನ್ನ 2024ರ ಜೂನ್‌ನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಮುಂದಿಟ್ಟಿತು, 19-1ರಲ್ಲಿ ಸೋತಿತು. ನಮ್ಮವರಿಗಂತೂ ಆ ಮಾತು ಹೇಳಲೇಬೇಡ. ಅದೇ ತಿಂಗಳು 11ರಂದು ದೋಹಾದಲ್ಲಿ ಕತಾರ್ ಎದುರಿನ ವಿಶ್ವಕಪ್ ಅರ್ಹತಾ ಪಂದ್ಯ. ಛಾಂಗ್ಟೆ ಗೋಲಿನಿಂದ ನಾವು 1-0 ಮುಂದೆ. 73ನೇ ನಿಮಿಷದಲ್ಲಿ ಚೆಂಡು ಗೋಲ್ ಲೈನ್ ಪೂರ್ತಿ ದಾಟಿ ಹೊರಗೆ ಹೋಗಿತ್ತು. ನಮ್ಮ ಬಿಎಫ್‌ಸಿಯ ಕೀಪರ್ ಗುರುಪ್ರೀತ್ ಸೇರಿ ಎಲ್ಲರೂ ಆಟ ನಿಲ್ಲಿಸಿದ್ದರು, ಕತಾರ್‌ನವರು ಚೆಂಡನ್ನ ಒಳಕ್ಕೆಳೆದು ಗೋಲು ಹೊಡೆದರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಸೆನ್ಸರ್ ಚೆಂಡು ಉರುಳಿದ ಊರಲ್ಲೇ ಒಂದೂವರೆ ವರ್ಷದ ನಂತರ ರೆಫರಿಗೆ ಮತ್ತೊಮ್ಮೆ ನೋಡೋಕೆ ಒಂದು ಪರದೆ ಇಲ್ಲ. 1-2, ಭಾರತ ಹೊರಗೆ. ಇಂಥ ತಪ್ಪಿಗೆ ಗೆರೆಯೂ ಬೇಕಿಲ್ಲ, ಒಂದು ರೀಪ್ಲೇ ಸಾಕಿತ್ತು.

ಇಷ್ಟನ್ನೇ ಬರೆದು ಮುಗಿಸೋಣ ಅಂತಿದ್ದೆ. ಆದರೆ ಕೆಲವು ಸಮಯದಿಂದ ನನ್ನನ್ನ ಕಾಡ್ತಿರೋದು ಗೋಲು ಕೊಟ್ಟರೋ ಬಿಟ್ಟರೋ ಅನ್ನೋದಲ್ಲ, ಆಫ್‌ಸೈಡ್ ಕಂಡರೂ ಲೈನ್ಸ್‌ಮನ್ ಎತ್ತದೆ ಕೆಳಗೇ ಹಿಡಿದಿರೋ ಬಾವುಟ.

ವಿಎಆರ್ ಇರೋ ಕಡೆ, ಗೋಲಾಗೋ ಅವಕಾಶ ಎದುರಿಗಿದ್ದರೆ ಆ ಓಟ ಮುಗಿಯೋ ತನಕ ಬಾವುಟ ಎತ್ತಬಾರದು. ಕಾರಣ ಸರಿಯೇ: ತಪ್ಪಾಗಿ ಎತ್ತಿ ಸೀಟಿ ಹೊಡೆದರೆ ಹೋದ ಗೋಲನ್ನ ಯಾವ ಕ್ಯಾಮೆರಾನೂ ವಾಪಸ್ ತರಲ್ಲ. ಆದರೆ ಆ ಸೆಕೆಂಡುಗಳಲ್ಲಿ ಆಟಗಾರರು ಪೂರ್ತಿ ವೇಗದಲ್ಲಿ ಓಡ್ತಿರ್ತಾರೆ. 2021ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಎದುರು ಸಲಾ ಆಫ್‌ಸೈಡ್ ಇದ್ದ ಓಟದಲ್ಲಿ ವುಲ್ವ್ಸ್ ಕೀಪರ್ ರೂಯಿ ಪಟ್ರೀಸಿಯೊ ತಲೆಗೆ ಅವರದೇ ಡಿಫೆಂಡರ್ ಕೋಡಿಯ ಮಂಡಿ ಬಡೀತು. ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. 2025ರ ಮೇ 11ರಂದು ಲೆಸ್ಟರ್ ಎದುರು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಎಲಾಂಗ ಆಫ್‌ಸೈಡ್ ಇದ್ದದ್ದು ಬರಿಗಣ್ಣಿಗೇ ಕಾಣ್ತಿತ್ತು. ಬಾವುಟ ಏಳಲಿಲ್ಲ. ಅವನ ಕ್ರಾಸ್‌ಗೆ ಜಾರಿಬಂದ ಫಾರೆಸ್ಟ್‌ನ ತೈವೋ ಅವೋನಿಯಿ ನೇರ ಗೋಲ್ ಕಂಬಕ್ಕೆ ಬಡಿದ. ಬದಲಿ ಆಟಗಾರರು ಮುಗಿದಿದ್ದರಿಂದ ಎದ್ದು ಆಟ ಮುಂದುವರಿಸಿದ. ಆಮೇಲೆ ಹೊಟ್ಟೆಗೆ ಶಸ್ತ್ರಚಿಕಿತ್ಸೆ, ಔಷಧಿ ಕೊಟ್ಟು ಕೋಮಾದಲ್ಲಿಟ್ಟರು. ಪುಣ್ಯಕ್ಕೆ ಬದುಕಿದ. ಅವನು ಗೋಲು ಹೊಡೆದಿದ್ದರೂ ಅದು ನಿಲ್ಲುತ್ತಿರಲಿಲ್ಲ, ಮಗಾ.

ಅವತ್ತಿನಿಂದ ನನ್ನ ಕಣ್ಣು ಚೆಂಡಿನ ಮೇಲೆ ನಿಲ್ಲಲ್ಲ. ಯಾರಾದ್ರೂ ಒಂದು ಗಜ ಮುಂದಿದ್ದೂ ಓಡ್ತಿದ್ದಾನೆ ಅಂದ್ರೆ ಕೀಪರ್ ಎಲ್ಲಿದಾನೆ, ಕಂಬ ಎಷ್ಟು ದೂರ ಅಂತಲೇ ನೋಡ್ತೀನಿ. ಗೋಲಾದರೂ ಬೇಡ, ಇಬ್ಬರೂ ಎದ್ದು ನಿಂತರೆ ಸಾಕು ಅನ್ಸುತ್ತೆ. ಫುಟ್‌ಬಾಲ್ ನೋಡೋವಾಗ ಹೆದರಿಕೆ ಆಗುತ್ತೆ ಅಂತ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಸರಿಯಾದ ತೀರ್ಪು ಬೇಕು ಅಂತ ಗಂಟಲು ಹರಕೊಂಡವರು ನಾವೆಲ್ಲ. ಅದಕ್ಕಾಗಿ ಇನ್ನಷ್ಟು ಹೊತ್ತು ಓಡ್ತಾ ಇರೋ ಮೈಗಳ ಬಗ್ಗೆ ನಾವು ಒಂದು ಮಾತೂ ಆಡಲಿಲ್ಲ.

ದಾರಿ ಇಲ್ಲ ಅಂತಲ್ಲ. ನಿಚ್ಚಳವಾಗಿ ಕಾಣೋ ಆಫ್‌ಸೈಡ್‌ಗೆ ತಕ್ಷಣ ಎತ್ತಬಹುದು, ಎತ್ತಬೇಕು. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಆಫ್‌ಸೈಡ್ ಇದ್ದವನು ಚೆಂಡು ಮುಟ್ಟಿದ ಕೂಡಲೇ ಲೈನ್ಸ್‌ಮನ್ ಕಿವಿಗೆ ಯಂತ್ರವೇ ಸದ್ದು ಕಳಿಸೋ ಏರ್ಪಾಡು ಬಂತು. ಆರ್ಸೆನಲ್‌ನ ಹಳೇ ಕೋಚ್ ವೆಂಗರ್ ಹೇಳೋ ಹಾಗೆ ಇಬ್ಬರ ನಡುವೆ ಬೆಳಕು ಕಾಣೋ ತನಕ ಆಫ್‌ಸೈಡ್ ಅಲ್ಲ ಅಂತ ನಿಯಮ ಬದಲಿಸಿದರೆ ಜಗಳ ಕಾಲ್ಬೆರಳಿಂದ ಹಿಮ್ಮಡಿಗೆ ಹೋಗುತ್ತೆ, ಅಷ್ಟೇ. ಈ ಕಿವಿಯ ಸದ್ದು ಮೊದಲು ಎಲ್ಲ ಲೀಗ್‌ಗೂ ಬರಲಿ.

ಸರಿ ಬಿಡು, ಹಬ್ಬದ ಹೊತ್ತಲ್ಲಿ ಇಷ್ಟು ಭಾರ ಯಾಕೆ. ನಾರ್ವೆಯಲ್ಲಿ ವಿಎಆರ್ ಬೇಡ ಅಂತ ಮೈದಾನಕ್ಕೆ ಮೀನಿನ ವಡೆ ಎಸೆದು ಪಂದ್ಯವನ್ನೇ ನಿಲ್ಲಿಸಿದ ಜನ ಇದಾರೆ. ಕಂಠೀರವದಲ್ಲಿ ಹಾಗೇನಾದ್ರೂ ಆದರೆ ನಮ್ಮ ಚಕ್ಲಿ ಅಂಕಲ್ ಒಂದನ್ನೂ ನೆಲಕ್ಕೆ ಬೀಳೋಕೆ ಬಿಡಲ್ಲ. ಅವರು ನಿನ್ನನ್ನ ಕೇಳ್ತಾನೇ ಇರ್ತಾರೆ. ಡಿಸೆಂಬರ್‌ಗೆ ಬರೋವಾಗ ಕವೆಂಟ್ರಿಯ ಆಕಾಶನೀಲಿ ಜೆರ್ಸಿ ಎರಡು ತಾ, ಒಂದು ಅವರಿಗೆ, ಸೈಜ್ ಡಬಲ್ ಎಕ್ಸ್ಎಲ್.

ನಿನ್ನ,
ಎಡಗಡೆ ಸೀಟಿನವ